‘ಎಕ್ಸಾಕ್ಟ್ಲಿ’ ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

ಇಂಟರ್‌ವ್ಯೂಗೆ ಹೋಗೋ ಹುಡುಗ್ರಿಗೆ ಇಂಗ್ಲಿಷ್ ಹೇಳ್ಕೊಡ್ತಾ ನಾನು ಹೆಚ್ಚು ತಿದ್ದಿರೋ ಪದ ಇದೇ.

ಮೊದ್ಲು ಅರ್ಥ. ಒಂಚೂರೂ ಆಚೆ ಈಚೆ ಇಲ್ದೆ ಅಂತ, ಅಷ್ಟೇ. ಒಂದು ಇಂಚು ಅಂದ್ರೆ ಎಕ್ಸಾಕ್ಟ್ಲಿ 2.54 ಸೆಂಟಿಮೀಟರ್, 1959ರಲ್ಲಿ ಹಾಗೇ ನಿಗದಿ ಮಾಡಿದ್ದು. ಮೈಲಿಗೆ 1.6 ಕಿಲೋಮೀಟರ್ ಅನ್ನೋವಾಗ ‘ಅಬೌಟ್’ ಹಾಕಿ, ‘ಎಕ್ಸಾಕ್ಟ್ಲಿ ಅಬೌಟ್’ ಅಂತ ಎರಡನ್ನೂ ಜೋಡಿಸ್ಬೇಡಿ.

ಆಮೇಲೆ ಜಾಗ. ಯಾವ್ದನ್ನ ಖಚಿತ ಮಾಡ್ಬೇಕೋ ಅದಕ್ಕೆ ಸ್ವಲ್ಪ ಮುಂಚೇನೇ, ಅಂಟಿಸಿದ ಹಾಗೆ ಇಡಿ. ನಾವು ಕನ್ನಡದಲ್ಲಿ ‘ಕರೆಕ್ಟಾಗಿ ಹತ್ತು ಗಂಟೆಗೆ ಬಾ’ ಅಂತೀವಲ್ಲ, ಅದನ್ನೇ ಎತ್ಕೊಂಡೋಗಿ ‘ಕಮ್ ಕರೆಕ್ಟ್ಲಿ ಅಟ್ ಟೆನ್’ ಅಂದ್ರೆ ತಪ್ಪು, ಅಲ್ಲಿ ಕರೆಕ್ಟ್ಲಿ ಅಂದ್ರೆ ತಪ್ಪಿಲ್ದೆ ಅಂತ. ಟೈಮಿಗೆ ‘ಟೆನ್ ಶಾರ್ಪ್’ ಅನ್ನಿ, ಅದೇ ಚೆಂದ. ಅಡ್ರೆಸ್ ಹೇಳುವಾಗ ‘ಎಕ್ಸಾಕ್ಟ್ ಆಪೋಸಿಟ್ ಟು ಬಸ್ ಸ್ಟ್ಯಾಂಡ್’ ಬೇಡ, ‘ಎಕ್ಸಾಕ್ಟ್ಲಿ ಆಪೋಸಿಟ್ ದ ಬಸ್ ಸ್ಟ್ಯಾಂಡ್’, ‘ಟು’ ಬೇಡ್ವೇ ಬೇಡ.

ಎಲ್ರೂ ಎಡವೋದು ‘ನಾಟ್ ಎಕ್ಸಾಕ್ಟ್ಲಿ’ ಹತ್ರ. ನನ್ನ ಹತ್ರ ಕಲೀತಿದ್ದ ಒಬ್ಬ ಹುಡುಗನಿಗೆ ಟ್ಯಾಲಿ ಅನ್ನೋ ಲೆಕ್ಕಪತ್ರದ ಸಾಫ್ಟ್‌ವೇರ್ ಮುಕ್ಕಾಲು ಪಾಲು ಬರ್ತಿತ್ತು, ಇಂಟರ್‌ವ್ಯೂನಲ್ಲಿ ‘ಡು ಯು ನೋ ಟ್ಯಾಲಿ’ ಅಂತ ಕೇಳಿದ್ದಕ್ಕೆ, ಪೂರ್ತಿ ಬರಲ್ಲ ಅನ್ನೋ ಪ್ರಾಮಾಣಿಕತೆಯಿಂದ ‘ನಾಟ್ ಎಕ್ಸಾಕ್ಟ್ಲಿ’ ಅಂದು ಸುಮ್ಮನಾದ, ಕೇಳಿದವ್ರು ಬರಲ್ಲ ಅಂತಾನೇ ಬರ್ಕೊಂಡ್ರು. ಯಾಕಂದ್ರೆ ಒಂಟಿಯಾಗಿ ನಿಂತ್ರೆ ಅದು ಮೆತ್ತಗೆ ಹೇಳೋ ‘ಇಲ್ಲ’. ‘ಹಿ ಈಸ್ ನಾಟ್ ಎಕ್ಸಾಕ್ಟ್ಲಿ ರಿಚ್’ ಅಂದ್ರೆ ಸ್ವಲ್ಪ ಕಮ್ಮಿ ಶ್ರೀಮಂತ ಅಂತಲ್ಲ, ಶ್ರೀಮಂತನೇ ಅಲ್ಲ ಅಂತ. ಹಾಗಾಗಿ ಅದರ ಬೆನ್ನಿಗೇ ಇರೋ ವಿಷ್ಯ ಸೇರಿಸ್ಲೇಬೇಕು: ‘ನಾಟ್ ಎಕ್ಸಾಕ್ಟ್ಲಿ, ಐ ನೋ ಬಿಲ್ಲಿಂಗ್, ಬಟ್ ನಾಟ್ ಪೇರೋಲ್’. ಇನ್ನೂ ಒಳ್ಳೇದು ಅಂದ್ರೆ ಇಂಟರ್‌ವ್ಯೂನಲ್ಲಿ ಅದನ್ನ ಬಿಟ್ಟು ‘ಮೋಸ್ಟ್ ಆಫ್ ಇಟ್’ ಅನ್ನಿ. ಪದಕ್ಕೆ ಪದ ಕೂರಿಸಿ ‘ನಿಖರವಾಗಿ ಅಲ್ಲ’ ಅಂತ ಉರು ಹೊಡೆಸೋ ಪುಸ್ತಕಗಳನ್ನ ದಯವಿಟ್ಟು ಕೊಳ್ಬೇಡಿ, ಈ ವ್ಯತ್ಯಾಸ ಅಲ್ಲಿ ಸಿಗಲ್ಲ.

ಒಬ್ರು ಹೇಳಿದ್ದಕ್ಕೆ ‘ಎಕ್ಸಾಕ್ಟ್ಲಿ!’ ಅಂದ್ರೆ ‘ಅದೇ ಮತ್ತೆ!’ ಅಂದ ಹಾಗೆ, ಗೆಳೆಯರ ಮಧ್ಯೆ ಧಾರಾಳವಾಗಿ ಬಳಸಿ. ಕಸ್ಟಮರ್‌ಗೆ ‘ವಾಟ್ ಎಕ್ಸಾಕ್ಟ್ಲಿ ಡು ಯು ವಾಂಟ್’ ಅನ್ಬೇಡಿ, ‘ನಿಂಗೇನಪ್ಪಾ ಬೇಕು’ ಅಂತ ರೇಗಿದ ಹಾಗೆ ಕೇಳ್ಸತ್ತೆ.

ಉಚ್ಚಾರಣೆ: ಶುರು ‘ಎಕ್ಸ್’ ಅಲ್ಲ, ‘ಇಗ್‌ಝ್ಯಾಕ್ಟ್ಲಿ’. ನಡುವಿನ ‘ಟ್’ ಮಾತಾಡೋ ಸ್ಪೀಡಲ್ಲಿ ನುಂಗಿ ಹೋದ್ರೂ ಪರವಾಗಿಲ್ಲ.