ಉದ್ದದ ದಾರಿಯಲ್ಲೇ ಬೇಗ ಮುಟ್ಟಿದೆ: ಸಿಮ್ಯುಲೇಟರ್‌ನಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ

"ಒಂಬೈನೂರು ಕಿಲೋಮೀಟರ್ ಸುತ್ತು ಹಾಕಿ ಬೇಗ ಹೋಗ್ತಾನಂತೆ!" ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ನಮ್ಮ ಸಿಮ್ಯುಲೇಟರ್ ಗುಂಪಿನಲ್ಲಿ ನಗುವೋ ನಗು. ಹಾರಾಟದ ದಾಖಲೆ (ಲಾಗ್) ಕಳಿಸಿದ ಮೇಲೆ ಯಾರದ್ದೂ ಸದ್ದಿಲ್ಲ.

ನೇರ ದೂರ ಹೆಚ್ಚುಕಡಿಮೆ 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ತಡೆರಹಿತ ಹಾರಾಟ ಶುರು ಮಾಡಿದಾಗಿನಿಂದ ನನಗೆ ಈ ಹುಚ್ಚು. ವಿಮಾನವೂ ಅದೇ, ಬೋಯಿಂಗ್ 777-200ಎಲ್‌ಆರ್. ಸಮಯ ಓಡಿಸುವ ಬಟನ್ ಮುಟ್ಟಬಾರದು, ಹವಾಮಾನ ಆ ದಿನದ್ದೇ ಇರಬೇಕು. ಇದು ನಾನೇ ಹಾಕಿಕೊಂಡ ಷರತ್ತು.

ಮೊದಲು ಎಲ್ಲರಂತೆ ನೇರ ಗೆರೆ ಹಿಡಿದೆ. ಗ್ಲೋಬ್ ಮೇಲೆ ದಾರ ಎಳೆದು ನೋಡಿ: ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕ. ಉತ್ತರ ಧ್ರುವದ ಮೇಲೆ ಹೋಗುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಈ ಗೆರೆ 71 ಡಿಗ್ರಿ ಅಕ್ಷಾಂಶ ದಾಟುವುದೇ ಇಲ್ಲ. ತೊಂದರೆ ಟಿಬೆಟ್‌ನದ್ದು. ನಾನು ಫೇಲ್ಯೂರ್‌ಗಳನ್ನು, ಅಂದರೆ ವಿಮಾನ ತಾನಾಗೇ ಕೆಡುವ ಆಯ್ಕೆಯನ್ನು, ಆನ್ ಇಟ್ಟೇ ಹಾರಿಸುವವನು. ಅಲ್ಲಿ ಕ್ಯಾಬಿನ್ ಪ್ರೆಶರ್ ಹೋಯಿತು. ಒಳಗಿರುವವರು ಉಸಿರಾಡಲು ಹತ್ತು ಸಾವಿರ ಅಡಿಗೆ ಇಳಿಯಬೇಕು, ಕೆಳಗಿನ ನೆಲವೇ ಅದಕ್ಕಿಂತ ಎತ್ತರ! ಆಟ ಅಲ್ಲಿಗೇ ಮುಗಿಯಿತು. ಇನ್ನೊಂದು ಸಲ ಸೈಬೀರಿಯಾ ಮೇಲಿದ್ದಾಗ ನಮ್ಮ ಮನೆಯ ಕರೆಂಟ್ ಹೋಯಿತು. ಆಮೇಲೆ ಯುಪಿಎಸ್‌ಗೆ ಹನ್ನೊಂದು ಸಾವಿರ, ಸೆಕೆಂಡ್‌ಹ್ಯಾಂಡ್ ಥ್ರಾಟಲ್‌ಗೆ (ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿಗೆ) ಒಂಬತ್ತು ಸಾವಿರದಷ್ಟು. ಮನೆಯಲ್ಲಿ ಥ್ರಾಟಲ್‌ನ ಬೆಲೆ ಇನ್ನೂ ಹೇಳಿಲ್ಲ. ಕೊನೆಗೆ ಆ ದಾರಿಯಲ್ಲಿ ಒಮ್ಮೆ ಮುಟ್ಟಿದೆ, ಹದಿನಾರು ಗಂಟೆ ಹಿಡಿಯಿತು.

ಉದ್ದದ ದಾರಿ ಹಿಡಿಯಲು ಧೈರ್ಯ ಕೊಟ್ಟಿದ್ದು ದೆಹಲಿಯ ಹಳೆಯ ಸುದ್ದಿ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ತಿರುಗಿಸಿತು. ದೂರ 15,300 ಕಿ.ಮೀ. ಆಯಿತು, ಮೊದಲಿಗಿಂತ 1,400 ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಬೆನ್ನ ಹಿಂದೆ ಗಾಳಿ ಇತ್ತಲ್ಲ!

ಹಾಗಾಗಿ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ದಕ್ಷಿಣ ಚೀನಾ, ಜಪಾನ್, ಅಲ್ಲಿಂದ ಪೆಸಿಫಿಕ್. ಒಟ್ಟು 14,900 ಕಿ.ಮೀ. ಆಸುಪಾಸು. ಜನವರಿಯನ್ನೇ ಆರಿಸಿಕೊಂಡೆ. ಚಳಿಗಾಲದಲ್ಲಿ ಜಪಾನ್ ಮೇಲಿನ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದಲ್ಲಿ ಪೂರ್ವಕ್ಕೆ ಬೀಸುವ ಜೋರು ಗಾಳಿ, ಗಂಟೆಗೆ 300 ಕಿ.ಮೀ. ದಾಟುವುದುಂಟು. ಅದರ ನಡುವಿಗೆ ಸಿಕ್ಕಿಕೊಂಡರೆ ಗ್ರೌಂಡ್ ಸ್ಪೀಡ್ (ನೆಲದ ಲೆಕ್ಕದ ವೇಗ) ನೋಡುವುದೇ ಒಂದು ಖುಷಿ, ಗಂಟೆಗೆ 1,200 ಕಿ.ಮೀ. ಹತ್ತಿರ ಹೋಗಿತ್ತು. ಬೆಂಗಳೂರು ಮೂರು ಸಾವಿರ ಅಡಿ ಎತ್ತರದ ಊರು, ಮಧ್ಯಾಹ್ನದ ಬಿಸಿಲು ಬೇರೆ; ಗಾಳಿ ತೆಳು, ಹೆಚ್ಚು ತೂಕ ಹೊತ್ತು ಏಳುವುದು ಕಷ್ಟ. ಅದಕ್ಕೇ ಪ್ರಯಾಣಿಕರ ತೂಕ ಕಡಿಮೆ ಹಾಕಿ, ಆ ಜಾಗವನ್ನು ಇಂಧನಕ್ಕೆ ಕೊಟ್ಟೆ. ಎಲ್ಲಿ ಎಷ್ಟು ಎತ್ತರಕ್ಕೆ ಏರಿದೆ, ಕಾಸ್ಟ್ ಇಂಡೆಕ್ಸ್ (ಸಮಯ ಮುಖ್ಯವೋ ಇಂಧನ ಮುಖ್ಯವೋ ಅಂತ ವಿಮಾನಕ್ಕೆ ಹೇಳುವ ಅಂಕಿ) ಎಷ್ಟಿಟ್ಟೆ, ಅದು ಮಾತ್ರ ಕೇಳಬೇಡಿ. ನಕ್ಕವರು ತಾವೇ ಹುಡುಕಿಕೊಳ್ಳಲಿ.

ಹೊರಟಿದ್ದು ಮಧ್ಯಾಹ್ನ ಎರಡಕ್ಕೆ. ಇಳಿದಾಗ ಇಲ್ಲಿ ಬೆಳಗಿನ ಜಾವ ಐದೂವರೆ, ಅಲ್ಲಿ ಇನ್ನೂ ಅದೇ ದಿನ ಸಂಜೆ ನಾಲ್ಕು. ಹದಿನೈದೂವರೆ ಗಂಟೆ. ಟ್ಯಾಂಕ್‌ನಲ್ಲಿ ಎಂಟು ಟನ್ ಚಿಲ್ಲರೆ ಉಳಿದಿತ್ತು.

ಸುಮ್ನೆ ಕುತೂಹಲಕ್ಕೆ ಅದೇ ದಾರಿಯಲ್ಲಿ ವಾಪಸ್ ಬಂದು ನೋಡಿದೆ. ಗಾಳಿ ಮುಖಕ್ಕೆ. ಹದಿನೆಂಟು ಗಂಟೆ ಆಗುತ್ತೆ ಅಂತ ಕಂಪ್ಯೂಟರ್ ತೋರಿಸಿತು, ಇಂಧನ ಸಾಲದೆ ಕೋಲ್ಕತ್ತದಲ್ಲೇ ಇಳಿಸಿದೆ. ವಾಪಸಿಗೆ ಉತ್ತರದ ದಾರಿಯೇ ಸರಿ. ಅದನ್ನು ಟಿಬೆಟ್ ತಪ್ಪಿಸಿ ಹೇಗೆ ಎಳೆಯೋದು ಅಂತ ಈಗ ದಾರ ಹಿಡಿದು ಕೂತಿದ್ದೇನೆ.