ಪೊಲೀಸ್ರು, ಫೈರಿನವ್ರು, ಆಂಬುಲೆನ್ಸಿನವ್ರ ಕೇಸು ಕೇಳೋ ಮೂರು ಜನರಲ್ಲಿ ನಾನೊಬ್ಬ – ಟೆಕ್ಸಾಸಿಂದ ನನ್ನ ಅನುಭವ

ಸಿವಿಲ್ ಸರ್ವಿಸ್ ಕಮಿಷನ್ನಿಗೆ ತಗೊಂಡಿದಾರೆ ಅಂತ ಊರಿಗೆ ಫೋನ್ ಮಾಡಿ ಹೇಳಿದ್ರೆ ಸೋದರಮಾವ ಕೇಳಿದ್ದು ಒಂದೇ, "ಐಎಎಸ್ಸಾ?" ಅಂತ. ಅಲ್ಲ ಮಾವ, ಇದು ಸಂಬಳ ಇಲ್ಲದ ಕೆಲಸ ಅಂದೆ. "ಮತ್ಯಾಕೆ ಮಾಡ್ತೀಯೋ" ಅಂದ್ರು. ನನಗೂ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ ಬಿಡಿ.

ನಾನು ವೃತ್ತಿಯಲ್ಲಿ ಎಂಜಿನಿಯರು, ಇರೋದು ಡಲ್ಲಾಸ್ ಸುತ್ತಮುತ್ತಲ ಒಂದು ಊರಲ್ಲಿ, ಊರ ಹೆಸರು ಬೇಡ, ಯಾಕಂದ್ರೆ ಕೆಳಗೆ ಹೇಳೋ ಕೇಸಿನವರು ಇನ್ನೂ ಅಲ್ಲೇ ಕೆಲಸ ಮಾಡ್ತಿದಾರೆ, ಒಂದೆರಡು ವಿವರ ಬದಲಾಯಿಸಿನೂ ಇದೀನಿ. ಟೆಕ್ಸಾಸಲ್ಲಿ ಲೋಕಲ್ ಗವರ್ನಮೆಂಟ್ ಕೋಡ್ ಅಂತ ಇದೆ, ಅದರ 143ನೇ ಅಧ್ಯಾಯ ಪೂರ್ತಿ ಫೈರ್ ಮತ್ತೆ ಪೊಲೀಸ್ ನೌಕರರ ನೇಮಕ, ಪ್ರಮೋಷನ್, ಶಿಸ್ತಿನ ಬಗ್ಗೆ. ಮೂಲ ಕಾನೂನು 1947ರದ್ದು. ಇದು ಎಲ್ಲಾ ಊರಿಗೂ ತಾನಾಗೇ ಬರಲ್ಲ, 10 ಸಾವಿರಕ್ಕಿಂತ ಕಮ್ಮಿ ಜನ ಇರೋ ಊರಿಗೆ ಅನ್ವಯಿಸಲ್ಲ, ಉಳಿದ ಊರಲ್ಲೂ ಜನ ವೋಟ್ ಹಾಕಿ ನಮಗೆ ಬೇಕು ಅಂದ್ರೆ ಮಾತ್ರ. ಬೇಕು ಅಂದ ಊರಲ್ಲಿ ಇವರ ತಕರಾರು ಕೇಳೋಕೆ ಮೂರು ಜನರ ಸಿವಿಲ್ ಸರ್ವಿಸ್ ಕಮಿಷನ್ ಇರತ್ತೆ, ಮೂರು ವರ್ಷದ ಅವಧಿ. ಅಮೆರಿಕದ ಪ್ರಜೆ ಆಗಿರಬೇಕು, ಆ ಊರಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ವಾಸ ಇರಬೇಕು, 25 ದಾಟಿರಬೇಕು, ಹಿಂದಿನ ಮೂರು ವರ್ಷದಲ್ಲಿ ಯಾವುದೇ ಸರ್ಕಾರಿ ಹುದ್ದೆ ಹಿಡಿದಿರಬಾರದು. ಪೊಲೀಸು ಬೆಂಕಿ ಗೊತ್ತಿರಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ನಾನು ಪಾಸ್.

ಆಂಬುಲೆನ್ಸ್ ಇದರಲ್ಲಿ ಹೇಗೆ ಬಂತು ಅಂದ್ರೆ ಇಲ್ಲಿ ಬಹಳ ಊರಲ್ಲಿ ಆಂಬುಲೆನ್ಸ್ ಓಡಿಸೋದೇ ಫೈರ್ ಡಿಪಾರ್ಟ್‌ಮೆಂಟು, ಬೆಂಕಿ ಆರಿಸೋನೇ ಪ್ಯಾರಾಮೆಡಿಕ್ಕೂ ಆಗಿರ್ತಾನೆ. ಆದ್ರೆ ಆಸ್ಟಿನ್‌ನಲ್ಲಿ ಆಂಬುಲೆನ್ಸ್ ಬೇರೆ ಇಲಾಖೆ, ಅವರಿಗೂ ಈ ಕಾನೂನಿನ ರಕ್ಷಣೆ ಸಿಗಲಿ ಅಂತ 2012ರಲ್ಲಿ ಅಲ್ಲಿನ ಜನ ವೋಟ್ ಹಾಕಿದ್ರು. ನಮ್ಮ 108 ಹುಡುಗರು ಏಜೆನ್ಸಿ ಕೆಳಗೆ ಗುತ್ತಿಗೆ ಮೇಲೆ ಇದ್ದಿದ್ದನ್ನ ನೋಡಿದವನಿಗೆ ಇದು ದೊಡ್ಡ ವ್ಯತ್ಯಾಸ ಅನ್ಸತ್ತೆ.

ಸೇರಿದಾಗ ನಾನು ಅಂದ್ಕೊಂಡಿದ್ದು ದೊಡ್ಡ ದೊಡ್ಡ ಶಿಸ್ತಿನ ಕೇಸು ಬರತ್ತೆ ಅಂತ. ಮೊದಲ ಒಂದು ವರ್ಷ ಬಂದಿದ್ದೆಲ್ಲ ಪರೀಕ್ಷೆ ತಕರಾರು! ಸಾರ್ಜೆಂಟ್ ಪ್ರಮೋಷನ್ ಎಕ್ಸಾಮಿಗೆ ಯಾವ ಪುಸ್ತಕದಿಂದ ಪ್ರಶ್ನೆ ಬರತ್ತೆ ಅನ್ನೋದನ್ನ 90 ದಿನ ಮೊದಲೇ ನೋಟೀಸ್ ಬೋರ್ಡಿಗೆ ಹಾಕಬೇಕು, ಬರೆದ ಮೇಲೆ ಉತ್ತರ ನೋಡಿ 5 ವರ್ಕಿಂಗ್ ಡೇ ಒಳಗೆ ಅಪೀಲ್ ಮಾಡಬಹುದು. 34ನೇ ಪ್ರಶ್ನೆಗೆ ಬಿ ಸರಿನಾ ಡಿ ಸರಿನಾ ಅಂತ ಯೂನಿಫಾರ್ಮ್ ಹಾಕಿದ ಇಬ್ಬರು ದೊಡ್ಡ ಮನುಷ್ಯರು ನಮ್ಮ ಮುಂದೆ ಮುಕ್ಕಾಲು ಗಂಟೆ ವಾದ ಮಾಡಿದಾರೆ. ನಗು ಬರತ್ತೆ, ಆದ್ರೆ ಒಂದು ಮಾರ್ಕಲ್ಲಿ ಲಿಸ್ಟಲ್ಲಿ ಮೇಲೆ ಕೆಳಗೆ ಆಗತ್ತೆ, ಲಿಸ್ಟಿನ ಮೇಲಿನ ಮೂರು ಹೆಸರನ್ನ ಮಾತ್ರ ನಾವು ಚೀಫಿಗೆ, ಅಂದ್ರೆ ಇಲಾಖೆ ಮುಖ್ಯಸ್ಥರಿಗೆ, ಕಳಿಸೋದು, ಅದರಲ್ಲೂ ಮೊದಲನೆಯವನನ್ನ ಬಿಟ್ಟು ಬೇರೆಯವನನ್ನ ತಗೊಂಡ್ರೆ ಚೀಫು ಕಾರಣ ಬರೆದು ಕೊಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಪೇಪರ್ ತಿದ್ದೋ ರೀತಿ. ಪ್ರಮೋಷನ್ ಪರೀಕ್ಷೆ ಪೇಪರನ್ನ ಬರೆದ ಜಾಗದಲ್ಲೇ, ಅಭ್ಯರ್ಥಿ ಇರ್ತೀನಿ ಅಂದ್ರೆ ಅವನ ಎದುರೇ ತಿದ್ದಬೇಕು, ಕಾನೂನೇ ಹಾಗಿದೆ. ನಮ್ಮ ಕಡೆ 2021ರ ಅಕ್ಟೋಬರಲ್ಲಿ ನಡೆದ 545 ಪಿಎಸ್ಐ ಪರೀಕ್ಷೆ ನೆನಪಿರಬೇಕಲ್ಲ, ಓಎಂಆರ್ ಶೀಟನ್ನ ಆಮೇಲೆ ತುಂಬಿದ್ರು ಅಂತ ಗಲಾಟೆಯಾಗಿ 2022ರ ಏಪ್ರಿಲಲ್ಲಿ ಕ್ಯಾನ್ಸಲ್ ಆಯ್ತು, ಮತ್ತೆ ಪರೀಕ್ಷೆ ನಡೆದಿದ್ದು 2024ರ ಜನವರಿಗೆ, ಅಲ್ಲಿವರೆಗೆ ಪ್ರಾಮಾಣಿಕವಾಗಿ ಓದಿ ಬರೆದ ಹುಡುಗರ ಗತಿ? ಎದುರಿಗೇ ತಿದ್ದಿದ್ರೆ ಆಮೇಲೆ ತುಂಬೋಕೆ ಟೈಮೇ ಸಿಗ್ತಿರಲಿಲ್ಲ. ಇಷ್ಟು ಸಣ್ಣ ವಿಷಯ.

ಈಗ ಆ ಕೇಸಿಗೆ ಬರ್ತೀನಿ. ಎರಡನೇ ವರ್ಷ ಒಬ್ಬ ಫೈರ್‌ಫೈಟರ್, ಪ್ಯಾರಾಮೆಡಿಕ್ ಕೂಡ, ಅವನನ್ನ ಚೀಫು ಇನ್‌ಡೆಫಿನೆಟ್ ಸಸ್ಪೆನ್ಷನ್ ಮಾಡಿದ್ರು. ಹೆಸರಿಗೆ ಸಸ್ಪೆನ್ಷನ್ನು, ಇಲ್ಲಿನ ಕಾನೂನಲ್ಲಿ ಅದು ಡಿಸ್ಮಿಸ್ಸೇ. ಸಾಮಾನ್ಯವಾಗಿ ಇಂಥವರು ನಮ್ಮ ಹತ್ರ ಬರಲ್ಲ. ಹೊರಗಿನ ಹಿಯರಿಂಗ್ ಎಕ್ಸಾಮಿನರ್ ಬೇಕು ಅಂತ ಕೇಳ್ತಾರೆ, ಏಳು ಹೆಸರಿನ ಪಟ್ಟಿ ಬರತ್ತೆ, ಇಬ್ಬರೂ ಕಡೆಯವರು ಒಂದೊಂದೇ ಹೆಸರು ಹೊಡೆದು ಉಳಿದವರೇ ಜಡ್ಜು. ಆ ಜಡ್ಜಿನ ಫೀಸನ್ನ ಎರಡೂ ಕಡೆಯವರು ಅರ್ಧರ್ಧ ಕೊಡಬೇಕು. ನಮ್ಮನ್ನ ನೇಮಿಸೋದು ಸಿಟಿಯವರೇ ಆದ್ದರಿಂದ ನಮ್ಮ ಮೇಲೆ ನೌಕರರಿಗೆ ಅನುಮಾನ, ಅದು ತಪ್ಪು ಅಂತನೂ ನಾನು ಹೇಳಲ್ಲ. ಇವನು ಯಾಕೋ ನಮ್ಮ ಹತ್ರನೇ ಬಂದ.

ನಾನು ಒಂದು ಹಾಳೇಲಿ ಐದು ತಾರೀಖು ಬರ್ಕೋತೀನಿ, ಪ್ರತಿ ಕೇಸಿಗೂ. ತಪ್ಪು ನಡೆದ ದಿನ. ಸಸ್ಪೆಂಡ್ ಆದ ದಿನ ಮತ್ತೆ ಗಂಟೆ. ಚೀಫಿನ ಲೆಟರ್ ಕಮಿಷನ್ನಿಗೆ ಬಂದ ಗಂಟೆ, 120 ಗಂಟೆ ದಾಟಬಾರದು. ಅಪೀಲ್ ಬಂದ ದಿನ, 10 ದಿನದ ಒಳಗಿರಬೇಕು. ಹಿಯರಿಂಗ್ ದಿನ, ಅಪೀಲ್ ಬಂದು 30 ದಿನದೊಳಗೆ. ಎಂಜಿನಿಯರ್ ಬುದ್ಧಿ, ಮೊದಲು ಅಳತೆ. ಉಳಿದ ಇಬ್ಬರು, ಒಬ್ಬರು ರಿಟೈರ್ಡ್ ಟೀಚರು, ಇನ್ನೊಬ್ಬರು ಇನ್ಶೂರೆನ್ಸ್‌ನವರು, ಮೊದಮೊದಲು ನಗ್ತಿದ್ರು, ಈಗ ಅವರೂ ಅದೇ ಹಾಳೆ ಕೇಳ್ತಾರೆ.

ಲೆಟರ್ ಒಂದೂವರೆ ಪುಟ ಇತ್ತು. ಮೊದಲ ಆರೋಪ, ಶಿಫ್ಟ್ ಮಧ್ಯೆ ಹೇಳದೆ ಸ್ಟೇಷನ್ ಬಿಟ್ಟು ಎರಡು ಗಂಟೆ ಹೋಗಿದ್ದ, ತಾರೀಖು ಟೈಮು ಎಲ್ಲಾ ಸರಿಯಾಗಿತ್ತು. ಎರಡನೇದು, ಇಲಾಖೆಗೆ ಕೆಟ್ಟ ಹೆಸರು ತರೋ ನಡತೆ ಅಂತ ರೂಲ್ ನಂಬರ್ ಇತ್ತು ಅಷ್ಟೇ, ಏನು ಮಾಡಿದ ಅಂತ ಒಂದು ಸಾಲೂ ಇಲ್ಲ. ಕಾನೂನಲ್ಲಿ ಸ್ಪಷ್ಟ ಇದೆ, ರೂಲ್ ನಂಬರ್ ಬರೆದ್ರೆ ಸಾಲದು, ಕೃತ್ಯ ಏನು ಅಂತ ಬರೀಬೇಕು, ಹಿಯರಿಂಗಲ್ಲಿ ಚೀಫು ಆ ಲೆಟರ್ ಬಿಟ್ಟು ಆಚೆ ಹೋಗೋ ಹಾಗಿಲ್ಲ, ತಿದ್ದೋ ಹಾಗೂ ಇಲ್ಲ.

ಹಿಯರಿಂಗಿಗೆ ನಾಲ್ಕು ದಿನ ಮುಂಚೆ ಪರಿಚಯದವರೊಬ್ಬರು ಫೋನ್ ಮಾಡಿದ್ರು, ಮಗಳ ಭರತನಾಟ್ಯ ಕ್ಲಾಸಲ್ಲಿ ಸಿಗೋರು, "ಆ ಹುಡುಗ ನಮ್ಮ ಪಕ್ಕದ ಮನೆಯವನು ಸಾರ್, ಸ್ವಲ್ಪ ನೋಡಿ" ಅಂತ. ಶಿಫಾರಸು ಅನ್ನೋದು ಸಮುದ್ರ ದಾಟಿದ್ರೂ ಬಿಡಲ್ಲ ನೋಡಿ. ಈ ವಿಷಯ ಮಾತಾಡೋ ಹಾಗಿಲ್ಲ ಅಂತ ಹೇಳಿ ಇಟ್ಟೆ, ಆಮೇಲೆ ಹಿಯರಿಂಗ್ ಶುರುವಾದಾಗ ಇಬ್ಬರೂ ಲಾಯರ್ ಮುಂದೆ ಹೀಗೊಂದು ಫೋನ್ ಬಂದಿತ್ತು ಅಂತ ಹೇಳಿದೆ. ಯಾರೂ ಆಕ್ಷೇಪ ಮಾಡಲಿಲ್ಲ. ಆ ಪರಿಚಯದವರು ಮಾತ್ರ ಇವತ್ತಿಗೂ ಮುಖ ಕೊಟ್ಟು ಮಾತಾಡಲ್ಲ.

ಹಿಯರಿಂಗ್ ದಿನ ಸಿಟಿ ಕಡೆ ಲಾಯರು ಎರಡನೇ ಆರೋಪಕ್ಕೆ ವಿವರ ಕೊಡೋಕೆ ಹೊರಟ್ರು. ಹಿಂದೆ ಒಂದು ಸಲ ಎದೆನೋವು ಅಂದ ಮುದುಕಿಯೊಬ್ಬರನ್ನ ಇವನು ಆಸ್ಪತ್ರೆಗೆ ಕರ್ಕೊಂಡು ಹೋಗದೆ ಏನಿಲ್ಲ ಮಲ್ಕೊಳ್ಳಿ ಅಂತ ಹೇಳಿ ಬಂದಿದ್ದನಂತೆ. ಇವನ ಲಾಯರ್ ತಕ್ಷಣ ಎದ್ದ. ಲೆಟರಲ್ಲಿ ಇಲ್ಲ, ಮೇಲಾಗಿ ನಡೆದಿದ್ದು 8 ತಿಂಗಳ ಹಿಂದೆ, ಸಸ್ಪೆಂಡ್ ಮಾಡೋ ದಿನಕ್ಕಿಂತ 180 ದಿನದ ಹಿಂದಿನದನ್ನ ಎತ್ತೋ ಹಾಗಿಲ್ಲ. ನಾನು ದಡ್ಡ, ಆ ಅಜ್ಜಿ ಏನಾದ್ರು ಅಂತ ಬಾಯಿ ಬಿಟ್ಟು ಕೇಳಿಬಿಟ್ಟೆ. ರೂಮಲ್ಲಿ ಎಲ್ಲರೂ ನನ್ನ ಮುಖ ನೋಡಿದ್ರು. ಪ್ರಶ್ನೆ ವಾಪಸ್ ತಗೋತೀನಿ ಅಂದೆ, ಕಿವಿ ಬಿಸಿಯಾಗಿತ್ತು. ಆ ಅಜ್ಜಿ ಏನಾದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲನೇ ಆರೋಪ ನಿಜ ಅಂತ ಮೂರೂ ಜನ ಒಪ್ಪಿದ್ವಿ. ಎರಡನೇದನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಎರಡು ಗಂಟೆ ಸ್ಟೇಷನ್ ಬಿಟ್ಟಿದ್ದಕ್ಕೆ ಕೆಲಸ ತೆಗೆಯೋದು ಜಾಸ್ತಿಯಾಯ್ತು ಅಂತ ಸ್ವಲ್ಪ ದಿನದ ಸಸ್ಪೆನ್ಷನ್ನಿಗೆ ಇಳಿಸಿ ವಾಪಸ್ ಕಳಿಸಿದ್ವಿ. ಅಪೀಲ್ ಬಂದು 27ನೇ ದಿನಕ್ಕೆ ಎಲ್ಲಾ ಮುಗಿದಿತ್ತು. ನನ್ನ ಅತ್ತೆ ಆ ವರ್ಷ ನಮ್ಮ ಜೊತೆ ಇದ್ರು, ಬಿಪಿ ಶುಗರ್ ಎರಡೂ. ಮನೆಯಿಂದ 911ಕ್ಕೆ ಫೋನ್ ಮಾಡಿದ್ರೆ ಬಾಗಿಲಿಗೆ ಬರೋನು ಅವನೇ ಆಗಿದ್ರೆ? ಆ ರಾತ್ರಿ ಇದೇ ಯೋಚನೆ, ನಿದ್ದೆ ಬರಲಿಲ್ಲ.

ಅಪ್ಪನಿಗೆ ಹೇಳಿದೆ. ಅಪ್ಪ ದಾವಣಗೆರೆ ಕಡೆ ಪೊಲೀಸ್ ದಫೇದಾರ್ ಆಗಿದ್ದವರು. ನಾನು ಹೈಸ್ಕೂಲಲ್ಲಿದ್ದಾಗ ಎಸ್ಕಾರ್ಟ್ ಡ್ಯೂಟಿಯಲ್ಲಿ ಕೈದಿಯೊಬ್ಬ ಬಸ್ ಸ್ಟ್ಯಾಂಡಲ್ಲಿ ತಪ್ಪಿಸ್ಕೊಂಡ, ಮೂರನೇ ದಿನ ಸಿಕ್ಕಿದ ಕೂಡ, ಆದ್ರೂ ಅಪ್ಪನ ಮೇಲೆ ಡಿಇ, ಅಂದ್ರೆ ಇಲಾಖಾ ವಿಚಾರಣೆ, ಹಾಕಿದ್ರು. ವಿಚಾರಣಾಧಿಕಾರಿ ಟ್ರಾನ್ಸ್‌ಫರ್ ಆದ್ರು, ಇನ್ನೊಬ್ರು ಬಂದ್ರು, ಫೈಲ್ ಸಿಗ್ತಿಲ್ಲ ಅಂದ್ರು, ಸಿಕ್ತು, ಆರು ವರ್ಷ. ಜೊತೆಯವರೆಲ್ಲ ಎಎಸ್ಐ ಆದ್ರು, ಡಿಇ ಪೆಂಡಿಂಗ್ ಇದೆ ಅಂತ ಅಪ್ಪನದು ನಿಂತ್ಕೊಂಡ್ತು. ಕೊನೆಗೆ ಎರಡು ಇನ್‌ಕ್ರಿಮೆಂಟ್ ಕಟ್. ಶಿಕ್ಷೆಗಿಂತ ಆ ಆರು ವರ್ಷ ಕಾದಿದ್ದೇ ಮನೆಯವರನ್ನೆಲ್ಲ ತಿಂದಿದ್ದು.

ಎಲ್ಲಾ ಕೇಳಿ ಅಪ್ಪ "27 ದಿನ ಅಂದ್ಯಾ?" ಅಂದ್ರು. ಹೂಂ ಅಂದೆ. "ಆ ಸಾಹೇಬ್ರು ಲೆಟರ್ ನೆಟ್ಟಗೆ ಬರೀಬೇಕಿತ್ತಪ್ಪ. ಅಜ್ಜಿ ವಿಷಯ ಆಗ್ಲೇ ಬರೀಬೇಕಿತ್ತು" ಅಂದ್ರು. ಸಿಟ್ಟು ಬಂದಿದ್ದು ಚೀಫಿನ ಮೇಲೆ! ನಾನು ಅಪ್ಪ ಹುಡುಗನ ಪರ ಮಾತಾಡ್ತಾರೆ ಅಂದ್ಕೊಂಡಿದ್ದೆ. ಆದ್ರೆ ಅವರು ಹೇಳಿದ್ದೇ ಸರಿ, 8 ತಿಂಗಳ ಹಿಂದೆನೇ ತಾರೀಖು ಹಾಕಿ ಬರೆದಿದ್ರೆ ನಾವು ಅದನ್ನ ಕೇಳಲೇಬೇಕಾಗ್ತಿತ್ತು. ಯಾರೂ ಬರೀಲಿಲ್ಲ, ಬಹುಶಃ ಶಿಫ್ಟಲ್ಲಿ ಎಲ್ಲರಿಗೂ ಅವನು ಫ್ರೆಂಡು.

ಮುಂದಿನ ವರ್ಷ ಅದೇ ಚೀಫಿಂದ ಇನ್ನೊಂದು ಲೆಟರ್ ಬಂತು, ಬೇರೆಯವನ ಮೇಲೆ. ಸಸ್ಪೆಂಡ್ ಆದ 31ನೇ ಗಂಟೆಗೆ ನಮ್ಮ ಆಫೀಸಲ್ಲಿತ್ತು. 11 ಪುಟ, ನಾಲ್ಕು ಆಂಬುಲೆನ್ಸ್ ಕಾಲ್‌ಗಳದ್ದು, ಪ್ರತಿಯೊಂದಕ್ಕೂ ಡಿಸ್ಪ್ಯಾಚ್ ಟೈಮು, ಜೊತೆಗಿದ್ದವರ ಹೇಳಿಕೆ, ಪೇಷಂಟ್ ರಿಪೋರ್ಟಲ್ಲಿ ಏನು ಬರೆದಿದ್ದ, ನಿಜಕ್ಕೆ ಏನಾಗಿತ್ತು. ಹಿಯರಿಂಗ್ ಎರಡು ದಿನ ನಡೀತು. ಅವನ ಹೆಂಡತಿ ಹಿಂದಿನ ಸಾಲಲ್ಲಿ ಎರಡೂ ದಿನ ಕೂತಿದ್ರು, ಕೈಯಲ್ಲಿ ಮಗು. ನನ್ನ ಹಾಳೆಯ ಐದೂ ತಾರೀಖು ಸರಿ ಇತ್ತು. ಕೆಲಸದಿಂದ ತೆಗೆದಿದ್ದು ಸರಿ ಅಂತ ಮೂರೂ ಜನ ಸೈನ್ ಮಾಡಿದ್ವಿ.