ಊರಿಗೆ ಹೊರಡುವ ಮುನ್ನ ಮನೆಯ ನೀರು ಇಳಿಸಿ

ಡಿಸೆಂಬರ್ ಬಂತೆಂದರೆ ಮಿನಿಯಾಪೊಲಿಸ್, ಶಿಕಾಗೊ, ಟೊರಾಂಟೊ ಕಡೆಯ ಕನ್ನಡಿಗರ ಮನೆಗಳಲ್ಲಿ ಸೂಟ್‌ಕೇಸುಗಳು ಅಟ್ಟದಿಂದ ಇಳಿಯುತ್ತವೆ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ-ಮುಂಜಿ, ಸಂಕ್ರಾಂತಿ ಮುಗಿಸಿಕೊಂಡೇ ಬರೋಣ ಎಂಬ ಆಸೆ. ಒಂದೊಂದು ಪೆಟ್ಟಿಗೆಯೂ 23 ಕೆ.ಜಿ. ಮೀರಿಲ್ಲವೆಂದು ಎರಡೆರಡು ಸಲ ತೂಗಿ ನೋಡುವವರನ್ನು ‘ನಿಮ್ಮ ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ’ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಚಳಿಗೆ ನೀರು ಹೆಪ್ಪುಗಟ್ಟಿ ಪೈಪು ಒಡೆದು, ಮರಳಿ ಬಂದಾಗ ಅಡುಗೆಮನೆಯ ಚಾವಣಿ ಕುಸಿದು, ಕಾರ್ಪೆಟ್ ಕೊಳೆತು, ಗೋಡೆಗೆಲ್ಲ ಬೂಷ್ಟು ಹಿಡಿದಿದ್ದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಹೊರಡುವ ಮುನ್ನ ಅರ್ಧ ದಿನ ಕೊಟ್ಟಿದ್ದರೆ ತಪ್ಪುತ್ತಿದ್ದ ನಷ್ಟ ಅದು.

ಈ ಎಚ್ಚರ ನಮಗೆ ಹುಟ್ಟಿನಿಂದ ಬಂದದ್ದಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ತಾರಸಿಯ ಮೇಲೆ ಟ್ಯಾಂಕು ಕೂರಿಸಿ, ಗೋಡೆಯ ಹೊರಗೇ ಪೈಪು ಇಳಿಸಿದ ಮನೆಗಳಲ್ಲಿ ಬೆಳೆದವರು ನಾವು. ಶಿಕಾಗೊದಲ್ಲಿ 2019ರ ಜನವರಿ 30ರಂದು ತಾಪಮಾನ ಮೈನಸ್ 30 ಡಿಗ್ರಿಗೆ ಇಳಿದಿತ್ತು. ‘ನಾವು ಡಲ್ಲಾಸಿನವರು, ನಮಗೇನು’ ಎನ್ನುವವರು 2021ರ ಫೆಬ್ರುವರಿಯನ್ನು ನೆನೆಯಬೇಕು. ಟೆಕ್ಸಸ್‌ನಲ್ಲಿ ದಿನಗಟ್ಟಲೆ ಕರೆಂಟು ಹೋಗಿ, ಅಟ್ಟದಲ್ಲಿ ಹಾಯ್ದಿದ್ದ ಪೈಪುಗಳು ಮನೆ ಮನೆಯಲ್ಲೂ ಒಡೆದವು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಹೆಚ್ಚಾಗಿ ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಅಲ್ಲ. ಬೆಳೆಯುತ್ತಿರುವ ಮಂಜುಗಡ್ಡೆ ಮತ್ತು ಮುಚ್ಚಿದ ನಲ್ಲಿ, ಇವೆರಡರ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಅಲ್ಲಿ ಪೈಪು ಸೀಳುತ್ತದೆ. ಸೀಳಿದ್ದು ಆ ಕ್ಷಣ ಗೊತ್ತಾಗುವುದೂ ಇಲ್ಲ. ಗಡ್ಡೆ ಕರಗಿದ ದಿನ ನೀರು ನುಗ್ಗುತ್ತದೆ, ಯಾರಾದರೂ ಬಂದು ವಾಲ್ವ್ ತಿರುಗಿಸುವವರೆಗೆ ಹರಿಯುತ್ತಲೇ ಇರುತ್ತದೆ.

ಮೊದಲು ಹೀಟಿಂಗ್

ಹೀಟಿಂಗ್ ನಿಲ್ಲಿಸಬೇಡಿ. ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬಾರದು ಎಂಬುದು ಸಾಮಾನ್ಯ ಸಲಹೆ. ನಾನು 58ಕ್ಕಿಂತ ಕೆಳಗೆ ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇರುವುದು ಮನೆಯ ನಡುವಿನ ಗೋಡೆಯಲ್ಲಿ. ಅಲ್ಲಿ 55 ಇದ್ದಾಗ ಗ್ಯಾರೇಜಿನ ಮೇಲಿನ ಬಚ್ಚಲಲ್ಲಿ ಎಷ್ಟಿರುತ್ತದೆ ಎಂದು ಅದಕ್ಕೆ ತಿಳಿಯದು. ಬ್ಯಾಟರಿ ಇರುವ ಥರ್ಮೋಸ್ಟಾಟಾದರೆ ಹೊಸ ಬ್ಯಾಟರಿ ಹಾಕಿ, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಿಸಿ. ಹೊಸ ಬಗೆಯ ಫರ್ನೇಸುಗಳಿಗೆ ಗಾಳಿ ಎಳೆಯುವ, ಹೊಗೆ ಬಿಡುವ ಎರಡು ಬಿಳಿಯ ಪ್ಲಾಸ್ಟಿಕ್ ಪೈಪುಗಳು ಹೊರಗೋಡೆಯಲ್ಲಿ ನೆಲಕ್ಕೆ ಸಮೀಪವೇ ಇರುತ್ತವೆ. ಹಿಮ ರಾಶಿಬಿದ್ದು ಅವುಗಳ ಬಾಯಿ ಮುಚ್ಚಿದರೆ ಫರ್ನೇಸು ತಾನಾಗಿ ನಿಂತುಬಿಡುತ್ತದೆ. ಮನೆಯ ಮೇಲೆ ಕಣ್ಣಿಡುವವರಿಗೆ ಆ ಜಾಗ ತೋರಿಸಿಯೇ ಹೋಗಿ.

ಹೀಟಿಂಗ್ ಇದ್ದರೂ ನೀರು ಏಕೆ ಇಳಿಸಬೇಕು? ಕರೆಂಟು ಹೋದರೆ ಗ್ಯಾಸಿನ ಫರ್ನೇಸೂ ನಿಲ್ಲುತ್ತದೆ. ನೀವು ಆಗ ಹುಬ್ಬಳ್ಳಿಯಲ್ಲಿರುತ್ತೀರಿ.

ಮುಖ್ಯ ವಾಲ್ವ್

ಬೇಸ್‌ಮೆಂಟಿನಲ್ಲಿ ರಸ್ತೆಯ ಕಡೆಯ ಗೋಡೆಯ ಬಳಿ, ನೀರಿನ ಮೀಟರಿನ ಪಕ್ಕ ಹುಡುಕಿ. ಉದ್ದನೆಯ ಹಿಡಿ ಇರುವ ವಾಲ್ವಾದರೆ ಹಿಡಿಯನ್ನು ಪೈಪಿಗೆ ಅಡ್ಡಲಾಗಿ ತಿರುಗಿಸಿದರೆ ಮುಗಿಯಿತು. ದುಂಡು ಚಕ್ರದ್ದಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ವರ್ಷಗಟ್ಟಲೆ ಮುಟ್ಟದ ಚಕ್ರಕ್ಕೆ ಬಲ ಹಾಕಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಈ ಪರೀಕ್ಷೆಯನ್ನು ವಿಮಾನದ ದಿನ ಅಲ್ಲ, ಎರಡು ವಾರ ಮೊದಲೇ ಮಾಡಿ. ಮುಚ್ಚಿದ ಮೇಲೂ ನಲ್ಲಿಯಲ್ಲಿ ನೀರು ಜಿನುಗುತ್ತಿದ್ದರೆ ಪ್ಲಂಬರನ್ನು ಕರೆಸಿ ಹಿಡಿಯಿರುವ ವಾಲ್ವ್ ಹಾಕಿಸಿ. ಈ ಖರ್ಚಿನಲ್ಲಿ ಜಿಪುಣತನ ಬೇಡ.

ನೀರು ಇಳಿಸುವುದು

ಎಡವುವುದೆಲ್ಲ ಇಲ್ಲಿಯೇ. ವಾಲ್ವ್ ಮುಚ್ಚಿದೊಡನೆ ಕೆಲಸ ಮುಗಿಯಿತೆಂದು ಜನ ಬೀಗ ಹಾಕುತ್ತಾರೆ. ವಾಲ್ವ್ ಮುಚ್ಚಿದರೆ ಹೊಸ ನೀರು ಬರುವುದಿಲ್ಲ, ನಿಜ. ಒಳಗಿದ್ದ ನೀರು ಮಾತ್ರ ಒತ್ತಡದ ಸಮೇತ ಪೈಪಿನಲ್ಲೇ ಕುಳಿತಿರುತ್ತದೆ.

ಮೊದಲು ವಾಟರ್ ಹೀಟರ್. ಗ್ಯಾಸಿನದಾದರೆ ಗುಂಡಿಯನ್ನು ‘ವೆಕೇಶನ್’ ಗುರುತಿಗೆ ತಿರುಗಿಸಿ. ವಿದ್ಯುತ್ತಿನದಾದರೆ ಅದರ ಬ್ರೇಕರ್ ಆರಿಸಿ. ನೀರಿಲ್ಲದ ಟ್ಯಾಂಕಿಗೆ ಕರೆಂಟು ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಮನೆ ಬೆಚ್ಚಗಿರುವ ತನಕ ಟ್ಯಾಂಕನ್ನು ಖಾಲಿ ಮಾಡುವ ಅಗತ್ಯವಿಲ್ಲ.

ಆಮೇಲೆ ಮೇಲಿನ ಮಹಡಿಯಿಂದ ಶುರು ಮಾಡಿ. ಮೇಲಿನಿಂದ ಗಾಳಿ ಒಳಗೆ ಹೋಗದೆ ಕೆಳಗೆ ನೀರು ಇಳಿಯುವುದಿಲ್ಲ. ಬೇಸಿನ್ನುಗಳ ಮುಚ್ಚಳ ತೆಗೆದಿಟ್ಟು, ಮೇಲಿನ ಎಲ್ಲ ನಲ್ಲಿಗಳನ್ನೂ ಪೂರ್ತಿ ತೆರೆಯಿರಿ. ಒಂದೇ ಹಿಡಿಯ ನಲ್ಲಿಯಾದರೆ ಹಿಡಿಯನ್ನು ಸರಿಯಾಗಿ ನಡುವಿಗೆ ನಿಲ್ಲಿಸಿ. ಎಡಕ್ಕೆ ಎಳೆದರೆ ಬಿಸಿನೀರಿನ ಪೈಪು ಮಾತ್ರ ಇಳಿಯುತ್ತದೆ. ತಣ್ಣೀರಿನದು ತುಂಬಿಯೇ ಉಳಿಯುತ್ತದೆ. ಷವರಿನ ಹಿಡಿಗೂ ಇದೇ ಮಾತು. ಅಡುಗೆಮನೆಯ ಎಳೆಯುವ ನಲ್ಲಿಯನ್ನು ಹೊರಗೆಳೆದು ಸಿಂಕಿನೊಳಗೆ ಜೋತುಬಿಡಿ. ಕೊನೆಗೆ ಬೇಸ್‌ಮೆಂಟಿನ ಎಲ್ಲಕ್ಕಿಂತ ತಗ್ಗಿನ ನಲ್ಲಿಯನ್ನು, ಸಾಮಾನ್ಯವಾಗಿ ಬಟ್ಟೆ ಒಗೆಯುವ ತೊಟ್ಟಿಯದನ್ನು, ತೆರೆಯಿರಿ. ಮನೆಯ ನೀರೆಲ್ಲ ಅಲ್ಲಿಗೆ ಬರುತ್ತದೆ. ಗಾಳಿ ಎಳೆಯುವ ಸದ್ದು ನಿಂತ ಮೇಲೂ ಕಾಲು ಗಂಟೆ ಕಾಯಿರಿ. ಮರಳುವವರೆಗೂ ಎಲ್ಲ ನಲ್ಲಿಗಳೂ ತೆರೆದೇ ಇರಲಿ.

ಇಲ್ಲಿನ ಪ್ಲಂಬರುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ, ನಮ್ಮವರ ಮನೆಗಳಲ್ಲಿ ತಪ್ಪದೆ ಇರುವ ಎರಡು ವಸ್ತುಗಳಿವೆ. ಒಂದು, ಕಮೋಡಿನ ಪಕ್ಕದ ಹೆಲ್ತ್ ಫಾಸೆಟ್. ಅದರ ಗುಂಡಿ ಬಿಟ್ಟೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ, ಕೊಳವೆಯ ತುಂಬ ನೀರು ನಿಲ್ಲುತ್ತದೆ. ಕೊಳವೆಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು, ಹನಿ ನಿಲ್ಲುವ ತನಕ ಗುಂಡಿ ಒತ್ತಿ ಹಿಡಿಯಿರಿ. ಅದನ್ನು ಗೋಡೆಯ ಪೈಪಿಗೆ ಕೂಡಿಸುವ ಮೂರು ಬಾಯಿಯ ತುಂಡು ಅಗ್ಗದ ಪ್ಲಾಸ್ಟಿಕ್ಕಿನದಾದರೆ ಇಂದೇ ಕಿತ್ತು ಹಿತ್ತಾಳೆಯದು ಹಾಕಿ. ಆ ಪ್ಲಾಸ್ಟಿಕ್ ತುಂಡಿಗೆ ಬಿರುಕು ಬಿಡಲು ಹಿಮವೇ ಬೇಕಿಲ್ಲ. ಇನ್ನೊಂದು, ಸಿಂಕಿನ ಕೆಳಗಿನ ಆರ್‌ಒ ಫಿಲ್ಟರ್. ಅದಕ್ಕೆ ತನ್ನದೇ ಪುಟ್ಟ ಟ್ಯಾಂಕಿದೆ. ಕುಡಿಯುವ ನೀರಿನ ನಲ್ಲಿ ತೆರೆದಿಟ್ಟು ಅದನ್ನು ಪೂರ್ತಿ ಖಾಲಿ ಮಾಡಿ.

ಕಮೋಡು ಫ್ಲಶ್ ಮಾಡಿ, ಟ್ಯಾಂಕಿನ ತಳದ ನೀರನ್ನು ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ವಾಷಿಂಗ್ ಮಷೀನಿನ ಎರಡು ಕೊಳವೆಗಳನ್ನು ಬಿಚ್ಚಿ ಬರಿದು ಮಾಡಿ. ಫ್ರಿಜ್ಜಿನ ಐಸ್ ಮೇಕರ್ ಆರಿಸಿ.

ಟ್ರ್ಯಾಪಿಗೆ ಆಂಟಿಫ್ರೀಜ್

ಪ್ರತಿ ಬೇಸಿನ್ನಿನ ಕೆಳಗೆ ಟ್ರ್ಯಾಪ್ ಎಂಬ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತು, ಚರಂಡಿಯ ವಾಸನೆ ಒಳಬರದಂತೆ ತಡೆಯುತ್ತದೆ. ನಲ್ಲಿ ತೆರೆದು ಎಷ್ಟು ಕಾದರೂ ಈ ನೀರು ಇಳಿಯದು. ಇದಕ್ಕೆ ಬೇಕಾದದ್ದು ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್, ಅಂದರೆ ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಮನೆಯ ಯಾವ ಪೈಪಿಗೂ ಸುರಿಯಕೂಡದು. ಗುಲಾಬಿಯಲ್ಲೂ ಪ್ರೊಪಿಲೀನ್ ಗ್ಲೈಕಾಲ್ ಎಂದು ಬರೆದಿರುವುದನ್ನೇ ಕೊಳ್ಳಿ. ಎಥನಾಲ್ ಬೆರೆತದ್ದು ಅಗ್ಗ, ಆದರೆ ಅದಕ್ಕೆ ಬೆಂಕಿ ಹತ್ತುತ್ತದೆ, ರಬ್ಬರನ್ನೂ ಒಣಗಿಸುತ್ತದೆ.

ಬೇಸಿನ್ನಿಗೆ ಅರ್ಧ ಲೀಟರ್, ಟಬ್ಬು ಮತ್ತು ಷವರಿಗೆ ಒಂದೊಂದು ಲೀಟರ್, ಬೇಸ್‌ಮೆಂಟಿನ ನೆಲದ ಚರಂಡಿಗೂ ಒಂದು ಲೀಟರ್. ಕಮೋಡಿನ ಬೋಗುಣಿಯ ನೀರನ್ನು ಮೊದಲು ತೆಗೆದು ಆಮೇಲೆ ಸುರಿಯಿರಿ. ಡಬ್ಬಿಯ ಮೇಲಿನ ಮೈನಸ್ 50 ಎಂಬುದು ಫ್ಯಾರನ್‌ಹೀಟ್ ಲೆಕ್ಕ, ಅದೂ ನೀರು ಬೆರೆಸದಿದ್ದರೆ. ಉಳಿತಾಯಕ್ಕೆಂದು ನೀರು ಕೂಡಿಸುವವರಿದ್ದಾರೆ, ಸುರಿದೂ ಸುರಿಯದಂತೆ. ಎಲ್ಲ ಕಡೆಗೂ ಹಾಕಲು ಆಗದಿದ್ದರೆ ಹೊರಗೋಡೆಗೆ ತಾಗಿದವನ್ನಾದರೂ ಬಿಡಬೇಡಿ. ಕಿಟಕಿಯ ಕೆಳಗೆ ಸಿಂಕು ಇರುವ ಅಡುಗೆಮನೆಗೆ ಮೊದಲ ಸರದಿ.

ಅಂಗಳದ ನಲ್ಲಿಯ ಹೋಸ್ ಪೈಪನ್ನು ಅಕ್ಟೋಬರಿನಲ್ಲೇ ಬಿಚ್ಚಿರಬೇಕು. ಹಿಮಕ್ಕೆ ಒಡೆಯದ ನಲ್ಲಿ ಎಂದು ಮಾರುವವೂ ಹೋಸ್ ಸಿಕ್ಕಿಸಿಯೇ ಬಿಟ್ಟರೆ ಗೋಡೆಯೊಳಗೆ ಒಡೆಯುತ್ತವೆ. ಅದಕ್ಕೆ ಫೋಮಿನ ಟೋಪಿ ತೊಡಿಸಿ ನೆಮ್ಮದಿಯಾಗಿ ಹೊರಡುವುದು ಬೇಡ. ನಲ್ಲಿಯಲ್ಲಿ ಸಣ್ಣ ಧಾರೆ ಬಿಟ್ಟು ಹೋಗಿ ಎಂಬ ಸಲಹೆಯೂ ಮನೆಯಲ್ಲಿ ಜನ ಇದ್ದಾಗ ಒಂದು ರಾತ್ರಿಯ ಮಟ್ಟಿಗೆ ಸರಿ. ಖಾಲಿ ಮನೆಯಲ್ಲಿ ಚರಂಡಿಯೇ ಹೆಪ್ಪುಗಟ್ಟಿ ಸಿಂಕು ತುಂಬಿ ಹರಿಯಬಹುದು.

ಇಷ್ಟೆಲ್ಲ ಸಾಮಾನ್ಯ ಮನೆಗಳ ಮಾತು. ಗೋಡೆಯಡಿಯ ರೇಡಿಯೇಟರುಗಳಲ್ಲಿ ಬಿಸಿನೀರು ಸುತ್ತುವ ಮನೆಯಾದರೆ ಆ ನೀರು ಬೇರೆ, ನಲ್ಲಿ ತೆರೆದರೆ ಇಳಿಯದು. ಬಾಯ್ಲರನ್ನು ತಿಳಿದವರಿಗೇ ಬಿಡಿ. ಬೆಂಕಿ ಆರಿಸುವ ಸ್ಪ್ರಿಂಕ್ಲರುಗಳಿದ್ದರೆ ಅವುಗಳ ನೀರು ನಿಲ್ಲಿಸಬಾರದು, ಮನೆ ಬೆಚ್ಚಗಿರುವುದೊಂದೇ ದಾರಿ. ಮಾರಾಟಕ್ಕಿಟ್ಟು ಹೀಟಿಂಗನ್ನೇ ನಿಲ್ಲಿಸುವ ಮನೆಯಲ್ಲಿ ವಾಟರ್ ಹೀಟರಿನ ಟ್ಯಾಂಕು ಖಾಲಿ ಮಾಡಿ, ಕಂಪ್ರೆಸರಿನಿಂದ ಪೈಪುಗಳಿಗೆ ಗಾಳಿ ಊದಿಸಬೇಕು. ಅದು ಪ್ಲಂಬರಿನ ಕೆಲಸ.

ಕೀಲಿಕೈ ಮತ್ತು ವಿಮೆ

ಮೊಬೈಲಿಗೆ ತಾಪಮಾನ ತಿಳಿಸುವ ಥರ್ಮೋಸ್ಟಾಟ್ ಒಳ್ಳೆಯದೇ, ಆದರೆ ಕರೆಂಟು ಹೋದರೆ ವೈಫೈ ಕೂಡ ಹೋಗುತ್ತದೆ. ಪಕ್ಕದ ಮನೆಯವರಿಗೋ ಕನ್ನಡ ಕೂಟದ ಸ್ನೇಹಿತರಿಗೋ ಕೀಲಿ ಕೊಟ್ಟು, ವಾರಕ್ಕೆ ಎರಡು ಸಲ ಒಳಗೆ ಹೋಗಿ ಬರಲು ಕೇಳಿಕೊಳ್ಳಿ. ಬೇಸ್‌ಮೆಂಟಿಗೆ ಕರೆದೊಯ್ದು ವಾಲ್ವ್ ತೋರಿಸಿ, ಅವರ ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿ. ಫೋನಿನಲ್ಲಿ ವಿವರಿಸಿದರಾಯಿತು ಎಂದುಕೊಂಡರೆ ಅಪರಾತ್ರಿಯಲ್ಲಿ ಪರದಾಡಬೇಕಾಗುತ್ತದೆ.

ವಿಮೆಯ ಪಾಲಿಸಿಯನ್ನು ಹೊರಡುವ ಮೊದಲೇ ಓದಿ. ಮನೆ ಬೆಚ್ಚಗಿಟ್ಟಿರಬೇಕು ಅಥವಾ ನೀರು ನಿಲ್ಲಿಸಿ ಇಳಿಸಿರಬೇಕು, ಇಲ್ಲದಿದ್ದರೆ ಒಡೆದ ಪೈಪಿನ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಕೆನಡಾದ ಅನೇಕ ಪಾಲಿಸಿಗಳು ಚಳಿಗಾಲದಲ್ಲಿ ಯಾರಾದರೂ ಆಗಾಗ ಬಂದು ನೋಡಿರಬೇಕು ಎನ್ನುತ್ತವೆ. ಮುಚ್ಚಿದ ವಾಲ್ವ್, ತೆರೆದ ನಲ್ಲಿ, ಥರ್ಮೋಸ್ಟಾಟಿನ ಅಂಕಿ, ಇವುಗಳ ಫೋಟೊ ತೆಗೆದಿಡಿ.

ಮರಳಿದ ದಿನ

ಎಷ್ಟೇ ದಣಿದಿದ್ದರೂ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆಯಬೇಡಿ. ಕಾಲು ಭಾಗ ತೆರೆದು, ನಲ್ಲಿಗಳು ಗಾಳಿ ಕಾರಿ ಮುಗಿಸಲಿ. ತಗ್ಗಿನದನ್ನು ಮೊದಲು ಮುಚ್ಚುತ್ತ ಮೇಲಕ್ಕೆ ಬನ್ನಿ. ಈ ಹೊತ್ತಿನಲ್ಲಿ ಒಬ್ಬರು ಬೇಸ್‌ಮೆಂಟಿನಲ್ಲಿ ನಿಂತು ಚಾವಣಿ ನೋಡುತ್ತಿರಬೇಕು. ಎಲ್ಲಿಯೂ ಒದ್ದೆಯಿಲ್ಲವೆಂದು ಖಾತರಿಯಾಗಿ, ಬಿಸಿನೀರಿನ ನಲ್ಲಿಯಲ್ಲಿ ತಡೆಯಿಲ್ಲದ ಧಾರೆ ಬಂದ ಮೇಲಷ್ಟೇ ವಾಟರ್ ಹೀಟರಿನ ಬ್ರೇಕರ್ ಹಾಕಿ.